ಬ್ರಹ್ಮಗಿರಿ ಕಲಿಸುವ ಪಾಠ: ಪ್ರಾಚ್ಯವಸ್ತುಗಳ ಸಂರಕ್ಷಣೆಯೂ ಇತಿಹಾಸ ಸಂಶೋಧನೆಯೂ

ಒಂದು ನಾಡಿನ ಪೂರ್ವಚರಿತ್ರೆಯನ್ನು ಅರಿಯಲು ಇರುವ ಆಧಾರಗಳು ಮುಖ್ಯವಾಗಿ ಎರಡು ಬಗೆಯವು. ಹಿಂದಿನವರು ಬರೆದಿಟ್ಟುದು ಒಂದು. ಬಳಸಿ ಬಿಟ್ಟುದು ಮತ್ತೊಂದು. ಕಾವ್ಯ, ಪುರಾಣ, ಶಾಸನ, ವಚನಗಳು ಮೊದಲನೆಯ ಬಗೆಗೆ ಸೇರುತ್ತವೆ. ಮಡಕೆಯ ಚೂರು, ಕಲ್ಲಿನ ಕೊಡಲಿ, ತುಕ್ಕು ಹಿಡಿದ ಕಬ್ಬಿಣದ ಮೊನೆ, ಸುಟ್ಟ ಕಾಳು, ಮೂಳೆಯ ತುಂಡು ಇವೆಲ್ಲ ಎರಡನೆಯ ಬಗೆಯವು. ಬರೆದಿಟ್ಟುದನ್ನು ಗೌರವದಿಂದ ಕಾಣುವ ನಾವು ಬಳಸಿ ಬಿಟ್ಟುದನ್ನು ಕಸವೆಂದು ಕಡೆಗಣಿಸುವುದುಂಟು. ಆದರೆ ಬರವಣಿಗೆ ಹುಟ್ಟುವ ಮೊದಲು ಸಾವಿರಾರು ವರ್ಷ ಈ ನೆಲದಲ್ಲಿ ಬಾಳಿದ ಜನರ ಪಾಲಿಗೆ ಆ ‘ಕಸ’ವೇ ಏಕೈಕ ಸಾಕ್ಷಿ. ಆ ಸಾಕ್ಷಿಯನ್ನು ಕೆಡದಂತೆ ಕಾಯುವ ವಿದ್ಯೆಗೆ ಸಂರಕ್ಷಣೆ ಎಂದು ಹೆಸರು. ಈ ಕೆಲಸ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನು ಅಂದಗೊಳಿಸುವುದಕ್ಕಷ್ಟೇ ಅಲ್ಲ, ಸಂಶೋಧನೆಯ ಅವಿಭಾಜ್ಯ ಅಂಗ ಎಂಬುದನ್ನು ನಮ್ಮ ನಾಡಿನ ಒಂದು ಪ್ರಸಿದ್ಧ ನೆಲೆಯ ಮೂಲಕ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ನೆಲೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಈ ತಾಲ್ಲೂಕು ಪಕ್ಕದ ಚಳ್ಳಕೆರೆಯಂತೆಯೇ ಮಳೆ ಕಡಮೆಯಾದ, ಬಂಡೆಗಲ್ಲುಗಳ ಸೀಮೆ. ಹಸುರು ವಿರಳ, ಬಿಸಿಲು ಧಾರಾಳ. ಕುರಿ ದನಗಳ ಹಿಂಡು ಇಲ್ಲಿಯ ಬದುಕಿನ ಆಧಾರ. ದೇವರ ಎತ್ತುಗಳೆಂದು ದನದ ಹಿಂಡನ್ನೇ ಭಕ್ತಿಯಿಂದ ಸಾಕುವ ಪದ್ಧತಿ ಈ ಭಾಗದ ಮ್ಯಾಸಬೇಡರಲ್ಲಿ ಇಂದಿಗೂ ಉಂಟು. ಇಂಥ ಒಣನೆಲದಲ್ಲಿ ಭಾರತದ ಚರಿತ್ರೆಯ ಎರಡು ದೊಡ್ಡ ಅಧ್ಯಾಯಗಳು ಬೆಳಕಿಗೆ ಬಂದವು. ಒಂದು ಅಶೋಕನ ಶಾಸನಗಳದು; ಮತ್ತೊಂದು ದಕ್ಷಿಣಾಪಥದ ಪ್ರಾಗಿತಿಹಾಸದ ಸ್ತರಕ್ರಮದ್ದು. ಇವೆರಡೂ ಸಂರಕ್ಷಣೆಯ ಮಹತ್ವವನ್ನು ಬೇರೆಬೇರೆ ರೀತಿಯಲ್ಲಿ ತಿಳಿಸುತ್ತವೆ.

ಮೂರು ಬಂಡೆ, ಒಂದು ಪಾಠ

ಬಿ. ಎಲ್. ರೈಸ್ ಅವರು 1892ರಲ್ಲಿ ಈ ತಾಲ್ಲೂಕಿನ ಮೂರು ಸ್ಥಳಗಳಲ್ಲಿ ಅಶೋಕನ ಕಿರುಬಂಡೆಗಲ್ಲು ಶಾಸನಗಳಿರುವುದನ್ನು ಪ್ರಕಟಿಸಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಬೆಟ್ಟ ಇವೇ ಆ ಮೂರು ಸ್ಥಳಗಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಕಾಲ ಕ್ರಿ.ಪೂ. 3ನೆಯ ಶತಮಾನ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮಸಮಾಚಾರ ಕೇಳಿ ಕಳುಹಿಸಿದ ರಾಜಾಜ್ಞೆ ಇದರಲ್ಲಿದೆ. ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಶಿಷ್ಯನ ವಿನಯ, ಬಂಧುಗಳೊಡನೆ ಯೋಗ್ಯ ನಡವಳಿಕೆ ಇವನ್ನು ಅದು ಬೋಧಿಸುತ್ತದೆ; ಇದು ಪುರಾತನವಾದ ನಡೆಯೆಂದೂ ಆಯುಷ್ಯವನ್ನು ವರ್ಧಿಸುವಂಥದೆಂದೂ ಹೇಳುತ್ತದೆ. ಮೈಸೂರು ಸೀಮೆಯ ಚರಿತ್ರೆ ಮೌರ್ಯರ ಕಾಲದವರೆಗೆ ಹಿಂದಕ್ಕೆ ಹೋದದ್ದು ಈ ಶೋಧದಿಂದ.

ಒಂದೇ ಪಾಠ ಅನತಿದೂರದ ಮೂರು ಕಡೆ ಇದ್ದರೂ ಅವು ಉಳಿದುಬಂದ ಸ್ಥಿತಿ ಒಂದೇ ಆಗಿರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಅದರ ಮೇಲಿನ ಬರೆಹವನ್ನು ಓದಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ; ಆದರೂ ಅದಕ್ಕೆ ರೋಗ ಗುಣಪಡಿಸುವ ಶಕ್ತಿಯುಂಟೆಂದು ನಂಬಿ ಗೌರವಿಸಿದ್ದರು. ಜಟಿಂಗರಾಮೇಶ್ವರದ ಬಂಡೆಗೆ ಬಿದ್ದ ಹೆಸರು ‘ಬಳೆಗಾರಗುಂಡು’. ಗುಡಿಗೆ ಏರುವ ಮೆಟ್ಟಿಲುಗಳ ಬಳಿ ಇರುವ ಆ ಬಂಡೆಯ ಮೇಲೆ ಜಾತ್ರೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದರು. ಕಾಲುಗಳ ತುಳಿತಕ್ಕೂ ಅಂಗಡಿಯ ಬಳಕೆಗೂ ಸಿಕ್ಕಿದ ಅಕ್ಷರಗಳು ಬಹುಮಟ್ಟಿಗೆ ಸವೆದುಹೋದವು. ಬಳೆಗಾರರದು ತಪ್ಪೆನ್ನಲಾಗದು, ಅದು ಶಾಸನವೆಂದು ಅವರಿಗೆ ತಿಳಿಸಿದವರಾರು? ಒಂದು ಕಡೆ ಅರ್ಥವರಿಯದ ಭಕ್ತಿ ಕಾಪಾಡಿತು. ಇನ್ನೊಂದು ಕಡೆ ಅರ್ಥವರಿಯದ ಬಳಕೆ ಅಳಿಸಿತು. ಅರಿತ ಭಕ್ತಿಯಿಂದ ಮತ್ತಷ್ಟು ಕಾಪಾಡಬಹುದೆಂಬುದು ಇದರಿಂದ ನಾವು ತಿಳಿಯಬೇಕಾದ ಮೊದಲ ಪಾಠ.

ಸವೆದ ಪ್ರತಿಯ ಅಕ್ಷರಗಳನ್ನು ವಿದ್ವಾಂಸರು ಓದಿದ ಬಗೆ ಸಾಹಿತ್ಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಗ್ರಂಥಸಂಪಾದಕನು ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದರಲ್ಲಿ ಗೆದ್ದಲು ತಿಂದ ಭಾಗವನ್ನು ಮತ್ತೊಂದರಿಂದ ತುಂಬಿ, ಪಾಠಾಂತರಗಳನ್ನು ತೂಗಿ ನೋಡುವಂತೆಯೇ ಇಲ್ಲಿಯೂ ಬ್ರಹ್ಮಗಿರಿಯ ಚೆನ್ನಾಗಿ ಉಳಿದ ಹದಿಮೂರು ಸಾಲುಗಳ ನೆರವಿನಿಂದ ಉಳಿದೆರಡು ಪ್ರತಿಗಳ ಮಾಸಿದ ಭಾಗಗಳನ್ನು ಊಹಿಸಲಾಯಿತು. ಮೂರೂ ಸವೆದಿದ್ದರೆ ಈ ಅವಕಾಶವೇ ಇರುತ್ತಿರಲಿಲ್ಲ. ಒಂದು ಪ್ರತಿ ಇದೆಯಲ್ಲ, ಉಳಿದವು ಹೋದರೇನು ಎಂಬ ಉದಾಸೀನ ಗ್ರಂಥಸಂಪಾದನೆಯಲ್ಲಿ ಹೇಗೆ ಸಲ್ಲದೋ ಪುರಾತತ್ತ್ವದಲ್ಲಿಯೂ ಹಾಗೆಯೇ ಸಲ್ಲದು.

ಈ ಶಾಸನಗಳ ಕೊನೆಯಲ್ಲಿ ಮತ್ತೊಂದು ಸೋಜಿಗವಿದೆ. ಇದನ್ನು ಬರೆದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲವೂ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರನಿಂದ’ ಎಂಬರ್ಥದ ಕೊನೆಯ ಒಂದು ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರ ಮೊದಲಾದ ವಾಯವ್ಯ ಪ್ರಾಂತಗಳಲ್ಲಿ ರೂಢಿಯಲ್ಲಿದ್ದ ಲಿಪಿ. ಹೀಗಾಗಿ ಆ ನಾಡಿನವನೋ ಅಲ್ಲಿ ವಿದ್ಯೆ ಕಲಿತವನೋ ಆದ ಬರಹಗಾರನೊಬ್ಬ ರಾಜಕಾರ್ಯನಿಮಿತ್ತ ಮೊಳಕಾಲ್ಮೂರಿನ ಬಂಡೆಗಳವರೆಗೆ ಬಂದನೆಂದು ತಿಳಿಯುತ್ತದೆ. ಮೌರ್ಯರ ಆಡಳಿತದ ವ್ಯಾಪ್ತಿಯನ್ನು ಇಷ್ಟು ಜೀವಂತವಾಗಿ ತೋರುವ ಸಾಕ್ಷಿ ಬೇರೆ ಸಿಗಲಾರದು. ಇದೆಲ್ಲ ನಿಂತಿರುವುದು ಬೆರಳೆಣಿಕೆಯ ಅಕ್ಷರಗಳ ಮೇಲೆ. ಬಂಡೆಯ ಅಂಚಿನಲ್ಲಿ ಅಂಗೈಯಗಲದ ಒಂದು ಚಕ್ಕೆ ಎದ್ದುಹೋಗಿದ್ದರೆ ಚಪಡನ ಪಯಣದ ಸುಳಿವೂ ಅದರೊಡನೆ ಹೋಗುತ್ತಿತ್ತು. ಶಾಸನದ ಬೆಲೆ ಅದರ ಗಾತ್ರದಲ್ಲಿಲ್ಲ. ಯಾವ ಮೂಲೆಯಲ್ಲಿ ಯಾವ ಸಂಗತಿ ಅಡಗಿದೆಯೆಂದು ಮೊದಲೇ ಹೇಳಲಾಗದು. ಆದ್ದರಿಂದ ಮುಖ್ಯ, ಅಮುಖ್ಯ ಎಂದು ವಿಂಗಡಿಸದೆ ಇಡಿಯಾಗಿ ಕಾಯಬೇಕು.

ಇದಕ್ಕೆ ವಿರುದ್ಧವಾದ ನಿದರ್ಶನ ಕಲಬುರಗಿ ಜಿಲ್ಲೆಯ ಸನ್ನತಿಯದು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಪೀಠಕ್ಕಾಗಿ ಬಳಸಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು 1989ರಲ್ಲಿ ಗೊತ್ತಾಯಿತು. ಹಿಂದೆಂದೋ ಪೀಠವನ್ನು ಕೂರಿಸಲೆಂದು ಕಲ್ಲಿನ ನಡುವೆ ಕೊರೆದ ಕಂಡಿ ಹಲವು ಅಕ್ಷರಗಳನ್ನು ನುಂಗಿಬಿಟ್ಟಿದೆ. ಕಲ್ಲು ಉಳಿಯಿತು; ಶಾಸನ ಪೂರ್ತಿಯಾಗಿ ಉಳಿಯಲಿಲ್ಲ.

ನೆಲದಡಿಯ ಗ್ರಂಥ

ಬ್ರಹ್ಮಗಿರಿಯ ಎರಡನೆಯ ಅಧ್ಯಾಯ ನೆಲದೊಳಗಿನದು. ಮೈಸೂರು ಪುರಾತತ್ತ್ವ ಇಲಾಖೆಯ ಡಾ॥ ಎಂ. ಎಚ್. ಕೃಷ್ಣ ಅವರು 1940ರ ದಶಕದ ಆದಿಯಲ್ಲಿ ಇಲ್ಲಿ ಉತ್ಖನನ ಆರಂಭಿಸಿದರು. ಅದಕ್ಕೆ ಮೊದಲು, 1929ರಲ್ಲಿ, ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನೂ ಅಗೆಸಿದ್ದರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಈ ಎರಡೂ ಕಡೆ ಉತ್ಖನನ ನಡೆಸಿ, ಅದರ ವಿವರವಾದ ವರದಿಯನ್ನು ‘ಏನ್ಷೆಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಪ್ರಕಟಿಸಿದರು.

ಉತ್ಖನನದ ತತ್ತ್ವವನ್ನು ನಮ್ಮ ಓದುಗರಿಗೆ ಓಲೆಗರಿಯ ಕಟ್ಟಿನ ಹೋಲಿಕೆಯಿಂದ ವಿವರಿಸಬಹುದು. ಓಲೆಗಳನ್ನು ಪೋಣಿಸಿದ ದಾರ ಹರಿದು, ಗರಿಗಳ ಸಂಖ್ಯೆಯೂ ಮಾಸಿ, ಅವು ಚೆಲ್ಲಾಪಿಲ್ಲಿಯಾದವೆನ್ನಿ. ಒಂದೊಂದು ಗರಿಯನ್ನೂ ಓದಬಹುದು. ಆದರೆ ಗ್ರಂಥ ಸಿಗುವುದಿಲ್ಲ. ನೆಲದಲ್ಲಿ ಒಂದರ ಮೇಲೊಂದು ಕೂತ ಮಣ್ಣಿನ ಪದರಗಳೇ ಈ ಗ್ರಂಥದ ಗರಿಗಳು. ಕೆಳಗಿನ ಪದರ ಹಳೆಯದು, ಮೇಲಿನದು ಈಚಿನದು. ಯಾವ ವಸ್ತು ಯಾವ ಪದರದ್ದೆಂಬ ಗುರುತೇ ಅವನ್ನು ಕಟ್ಟುವ ದಾರ. ಗುರುತು ತಪ್ಪಿದ ವಸ್ತು ಕಣ್ಣಿಗೆ ಚಂದವಾಗಿದ್ದರೂ ಚರಿತ್ರೆಯ ಪಾಲಿಗೆ ಬಿಡಿಗರಿ. ಆದ್ದರಿಂದ ಸಂರಕ್ಷಣೆಯೆಂದರೆ ವಸ್ತುವನ್ನಷ್ಟೇ ಉಳಿಸುವುದಲ್ಲ. ಅದರೊಡನೆ ಅದರ ಗುರುತನ್ನೂ ಉಳಿಸುವುದು.

ಬ್ರಹ್ಮಗಿರಿಯಲ್ಲಿ ವೀಲರ್ ಅವರು ಮೂರು ಸಂಸ್ಕೃತಿಗಳ ಕ್ರಮವನ್ನು ಗುರುತಿಸಿದರು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳನ್ನೂ ಕೈಯಿಂದ ಮಾಡಿದ ಒರಟು ಮಡಕೆಗಳನ್ನೂ ಬಳಸಿದ ಜನರ ನೆಲೆ. ಎಳೆಯ ಮಕ್ಕಳ ಶವವನ್ನು ಇವರು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅದರ ಮೇಲೆ ಕಬ್ಬಿಣ ಬಲ್ಲ, ಕಪ್ಪು ಕೆಂಪು ಬಣ್ಣದ ಹೊಳಪಿನ ಮಡಕೆ ಬಳಸಿದ, ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಜನರ ನೆಲೆ. ಊರಿನ ಸುತ್ತ ಹರಡಿದ ನೂರಾರು ಗೋರಿಗಳು ಇವರವು. ಸುತ್ತ ಕಲ್ಲಿನ ವೃತ್ತ. ನಡುವೆ ಒಂದಕ್ಕೊಂದು ಒರಗುವಂತೆ ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸಿದ ನಾಲ್ಕು ಚಪ್ಪಡಿಗಳ ಕೋಣೆ. ಮೂಡಣ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಆಯ್ದ ಮೂಳೆಗಳು, ಮಡಕೆಗಳು, ಕಬ್ಬಿಣದ ಆಯುಧಗಳು. ಎಲ್ಲಕ್ಕಿಂತ ಮೇಲಿನದು ಶಾತವಾಹನರ ಕಾಲಕ್ಕೆ ಹೊಂದುವ ನೆಲೆ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಹೀಗೆ ಮೊದಲ ಬಾರಿಗೆ ಒಂದು ದೃಢವಾದ ಏಣಿ ದೊರೆಯಿತು.

ಬದಲಾದ ಕಾಲ, ಉಳಿದ ಕ್ರಮ

ಏಣಿಯ ಮೆಟ್ಟಿಲುಗಳಿಗೆ ವರ್ಷಗಳನ್ನು ಹಚ್ಚುವುದು ಬೇರೆಯ ಸಮಸ್ಯೆ. 1947ರಲ್ಲಿ ಅದಕ್ಕಿದ್ದ ಮುಖ್ಯ ಆಧಾರ ಒಂದು ಬಗೆಯ ತಟ್ಟೆ. ಒಳತಳದಲ್ಲಿ ಹಲ್ಲುಗಾಲಿಯಿಂದ ಒತ್ತಿದಂತೆ ದುಂಡಗೆ ಸುತ್ತುವ ಚುಕ್ಕೆಸಾಲುಗಳುಳ್ಳ ಈ ತಟ್ಟೆಯ ಚೂರುಗಳು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನರ ವ್ಯಾಪಾರದ ವಸ್ತುಗಳ ಜತೆ ದೊರೆತಿದ್ದವು. ಅಂಥ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ಸಿಕ್ಕವು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳೂ ದೊರೆತವು. ಇದರಿಂದ ಮೇಲಿನ ನೆಲೆ ಕ್ರಿ.ಶ. 1ನೆಯ ಶತಮಾನದ್ದೆಂದು ನಿಶ್ಚಯಿಸಿ, ವೀಲರ್ ಅವರು ಅಲ್ಲಿಂದ ಹಿಂದಕ್ಕೆ ಎಣಿಸಿದರು. ಶಿಲಾಗೋರಿಗಳ ಸಂಸ್ಕೃತಿ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಯಿತೆಂದೂ ಕಲ್ಲುಕೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ ಆದಿಯಿಂದ ಅಲ್ಲಿಯವರೆಗೆ ಇತ್ತೆಂದೂ ಅವರು ಸೂಚಿಸಿದರು.

ಎರಡು ವರ್ಷಗಳ ಬಳಿಕ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಅವರು ಇಂಗಾಲ-14ರ ಕಾಲಗಣನಾ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಜೀವವಿದ್ದ ಯಾವುದೇ ವಸ್ತುವಿನಲ್ಲಿ, ಅದು ಸತ್ತ ಮೇಲೆ, ವಿಕಿರಣಶೀಲ ಇಂಗಾಲ ಗೊತ್ತಾದ ವೇಗದಲ್ಲಿ ಕ್ಷಯಿಸುತ್ತದೆ. ಉಳಿದ ಪ್ರಮಾಣವನ್ನು ಅಳೆದರೆ ಸತ್ತ ಕಾಲ ತಿಳಿಯುತ್ತದೆ. ಅದುವರೆಗೆ ಒಲೆಯ ಬೂದಿಯ ಜತೆ ಎಸೆಯಬಹುದಾಗಿದ್ದ ಇದ್ದಿಲಿನ ಚೂರು ಒಮ್ಮೆಲೇ ಪಂಚಾಂಗವಾಯಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಡಾ॥ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದ ಇದ್ದಿಲಿನಿಂದ ಅಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೆ ಹೋಗುತ್ತದೆಂದು ತಿಳಿದುಬಂತು. ತೆಕ್ಕಲಕೋಟೆ, ಸಂಗನಕಲ್ಲು ಮೊದಲಾದ ನೆಲೆಗಳ ಅಧ್ಯಯನದಿಂದ ನಮ್ಮ ನವಶಿಲಾಯುಗದ ಆರಂಭ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಚುಕ್ಕೆಸಾಲಿನ ತಟ್ಟೆಯ ಕಾಲವೂ ಹಿಂದಕ್ಕೆ ಹೋಗಿ ಕ್ರಿ.ಪೂ. 2ನೆಯ ಶತಮಾನವನ್ನು ಮುಟ್ಟಿತು. ಹಳೆಯ ಚೂರುಗಳ ಜೇಡಿಯನ್ನು ಪರೀಕ್ಷಿಸಿದಾಗ ಅವು ಭಾರತದಲ್ಲಿಯೇ ತಯಾರಾದವೆಂದು ತಿಳಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ವೀಲರ್ ಅವರು ಕೊಟ್ಟ ವರ್ಷಗಳು ಬದಲಾದವು. ಅವರು ಕಂಡ ಪದರಗಳ ಕ್ರಮ ಬದಲಾಗಲಿಲ್ಲ. ಮೊದಲು ಕಲ್ಲುಕೊಡಲಿ, ಆಮೇಲೆ ಶಿಲಾಗೋರಿ, ಆಮೇಲೆ ಶಾತವಾಹನರ ಕಾಲ ಎಂಬ ಏಣಿ ಇಂದಿಗೂ ನಿಂತಿದೆ. ಪದರದ ಗುರುತಿನೊಡನೆ ವಸ್ತುಗಳನ್ನು ದಾಖಲಿಸಿದ್ದರಿಂದಲೇ ಹೊಸ ವರ್ಷಗಳನ್ನು ಹಳೆಯ ಮೆಟ್ಟಿಲುಗಳಿಗೆ ಹಚ್ಚಲು ಸಾಧ್ಯವಾಯಿತು. ಎರಡನೆಯದಾಗಿ, ಇದ್ದಿಲು ಮಾತಾಡಬಲ್ಲದೆಂದು 1947ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂದಿನ ಪ್ರಶ್ನೆಗೆ ಬೇಡವಾದುದು ಮುಂದಿನ ಪ್ರಶ್ನೆಗೆ ಉತ್ತರವಾಯಿತು. ಇನ್ನೂ ಯಾರೂ ಕೇಳದ ಪ್ರಶ್ನೆಗೆ ಸಾಕ್ಷಿಯನ್ನು ಕಾದಿರಿಸುವುದೇ ಸಂರಕ್ಷಣೆಯ ಪರಮೋದ್ದೇಶ.

ಇದಕ್ಕೆ ಮತ್ತೊಂದು ಉದಾಹರಣೆ ರಾಬರ್ಟ್ ಬ್ರೂಸ್ ಫೂಟ್ ಅವರದು. ಭೂವಿಜ್ಞಾನಿಯಾಗಿದ್ದ ಅವರು 19ನೆಯ ಶತಮಾನದಲ್ಲಿ ಬಳ್ಳಾರಿಯ ಸುತ್ತಲೂ ದಕ್ಷಿಣದ ಇತರ ಕಡೆಗಳಲ್ಲಿಯೂ ಕಲ್ಲಿನ ಆಯುಧಗಳನ್ನು ಆಯ್ದು, ದೊರೆತ ಸ್ಥಳವನ್ನು ಬರೆದಿಟ್ಟರು. ಮದರಾಸು ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ಸಂಗ್ರಹವನ್ನು ವಿದ್ವಾಂಸರು ಇಂದಿಗೂ ಬಿಚ್ಚಿ ನೋಡುತ್ತಾರೆ. ಸಂಗ್ರಹಿಸಿದವರು ಲಿಂಗೈಕ್ಯರಾದರೇನು, ಕಾಲವಶರಾದರೇನು, ಕ್ರಮವಾಗಿ ಕಾದಿಟ್ಟ ವಸ್ತು ತಲೆಮಾರಿನಿಂದ ತಲೆಮಾರಿಗೆ ಪಾಠ ಹೇಳುತ್ತಲೇ ಇರುತ್ತದೆ.

ಸಂರಕ್ಷಣೆಯ ವಿಧಾನ

ನೂರಾರು ವರ್ಷ ನೆಲದಡಿಯಲ್ಲಿ ಉಳಿದ ವಸ್ತು ಹೊರಗೆ ಬಂದ ಕೆಲವೇ ದಿನಗಳಲ್ಲಿ ಕೆಡುವುದೇಕೆ ಎಂದು ಕೆಲವರು ಕೇಳುತ್ತಾರೆ. ನೆಲದೊಳಗೆ ತಂಪು, ತೇವ, ಗಾಳಿ ಇವು ಒಂದು ಸಮಸ್ಥಿತಿಗೆ ಬಂದಿರುತ್ತವೆ. ಅಗೆದೊಡನೆ ಆ ಸಮತೋಲ ತಪ್ಪುತ್ತದೆ. ಮಡಕೆಯ ಮೈಯಲ್ಲಿ ಇಂಗಿದ್ದ ಲವಣ ಒಣಗುವಾಗ ಹರಳುಗಟ್ಟಿ ಹಿಗ್ಗುತ್ತದೆ. ಹೊರಮೈ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕಬ್ಬಿಣದಲ್ಲಿ ಸೇರಿದ ಉಪ್ಪಿನಂಶ ಗಾಳಿಯ ತೇವದೊಡನೆ ಕೂಡಿ ತುಕ್ಕನ್ನು ವೇಗಗೊಳಿಸುತ್ತದೆ. ಮೂಳೆ ಬಿಸಿಲಿಗೆ ಸೀಳುತ್ತದೆ. ಮೊಳಕಾಲ್ಮೂರಿನಂಥ ಬಿಸಿಲ ಸೀಮೆಯಲ್ಲಿ ಈ ಕೇಡು ಮತ್ತಷ್ಟು ಬೇಗ ಬರುತ್ತದೆ. ಆದುದರಿಂದ ಅಗೆತದ ಹೊಂಡದಲ್ಲಿಯೇ ಸಂರಕ್ಷಣೆ ಆರಂಭವಾಗಬೇಕು: ನೆರಳಿನಲ್ಲಿಟ್ಟು ನಿಧಾನವಾಗಿ ಒಣಗಿಸುವುದು, ಲವಣವನ್ನು ಶುದ್ಧ ನೀರಿನಲ್ಲಿ ಮತ್ತೆಮತ್ತೆ ನೆನೆಸಿ ಬಿಡಿಸುವುದು, ಲೋಹವನ್ನು ತೇವವಿಲ್ಲದ ಪೆಟ್ಟಿಗೆಯಲ್ಲಿ ಇಡುವುದು ಮುಂತಾದುವು ಇದರ ಕ್ರಮಗಳು.

ಶುಚಿಗೊಳಿಸುವುದೇ ಸಂರಕ್ಷಣೆಯೆಂಬ ಭಾವನೆ ಸಾಮಾನ್ಯ. ಅದು ಪೂರ್ಣ ಸತ್ಯವಲ್ಲ. ಗೋರಿಯಲ್ಲಿ ಸಿಕ್ಕ ಕತ್ತಿಯ ತುಕ್ಕನ್ನು ಉಜ್ಜಿ ತೆಗೆದರೆ ಕೆಲವೊಮ್ಮೆ ಕತ್ತಿಯೇ ಉಳಿಯುವುದಿಲ್ಲ; ಲೋಹವೆಲ್ಲ ತುಕ್ಕಾಗಿ ಮಾರ್ಪಟ್ಟಿದ್ದರೂ ಮೂಲದ ಆಕಾರ ಆ ತುಕ್ಕಿನ ಪದರದಲ್ಲಿಯೇ ಅಡಗಿರುತ್ತದೆ. ಕ್ಷ-ಕಿರಣದ ಚಿತ್ರದಿಂದ ಅದನ್ನು ಮುಟ್ಟದೆಯೇ ಕಾಣಬಹುದು. ಆಯುಧಕ್ಕೆ ಸುತ್ತಿದ್ದ ಬಟ್ಟೆ ಕೊಳೆತುಹೋದರೂ ಅದರ ಹಾಸುಹೊಕ್ಕಿನ ಅಚ್ಚು ತುಕ್ಕಿನಲ್ಲಿ ಉಳಿಯುವುದುಂಟು. ನೇಕಾರರ ನಾಡಾದ ಮೊಳಕಾಲ್ಮೂರಿನವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮಡಕೆಯ ಒಳಮೈಗೆ ಅಂಟಿದ ಕರಿಯನ್ನು ತಿಕ್ಕಿ ತೊಳೆದರೆ ಅದರಲ್ಲಿ ಬೆಂದ ಅಡುಗೆಯ ಸಾಕ್ಷಿ ತೊಳೆದುಹೋಗುತ್ತದೆ. ಒಲೆಯ ಮಣ್ಣನ್ನು ನೀರಿನಲ್ಲಿ ಕದಡಿ, ತೇಲುವ ಸುಟ್ಟ ಕಾಳುಗಳನ್ನು ಸೋಸಿ ನೋಡುವ ವಿಧಾನದಿಂದ ಬಳ್ಳಾರಿಯ ಸಂಗನಕಲ್ಲು ಮೊದಲಾದೆಡೆಗಳ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ಮುಂತಾದ ಧಾನ್ಯಗಳನ್ನು ಬಳಸುತ್ತಿದ್ದರೆಂದು ತಿಳಿದಿದೆ. ಚಳ್ಳಕೆರೆ ಮೊಳಕಾಲ್ಮೂರಿನ ರೈತನ ಹೊಲದಲ್ಲಿ ಇಂದಿಗೂ ಬೆಳೆಯುವ ಹುರುಳಿಗೆ ನಾಲ್ಕು ಸಾವಿರ ವರ್ಷಗಳ ವಂಶಾವಳಿಯಿದೆಯೆಂದು ಹೇಳಿದ್ದು ಬಂಗಾರದ ನಾಣ್ಯವಲ್ಲ, ಒಂದು ಹಿಡಿ ಬೂದಿಮಣ್ಣು.

ಬೂದಿಯ ಮಾತು ಬಂದಾಗ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ನೆನೆಯಬೇಕು. ಇವು ರಾಕ್ಷಸರ ಚಿತೆಗಳೆಂದು ಜನ ನಂಬಿದ್ದರೆ, ಕೆಲವು ವಿದ್ವಾಂಸರು ಲೋಹ ಕರಗಿಸಿದ ಬೂದಿಯೆಂದೂ ಜ್ವಾಲಾಮುಖಿಯದೆಂದೂ ಊಹಿಸಿದ್ದರು. 1957ರಲ್ಲಿ ಎಫ್. ಆರ್. ಆಲ್‌ಚಿನ್ ಅವರು ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಅವು ನವಶಿಲಾಯುಗದ ದನದೊಡ್ಡಿಗಳ ಸೆಗಣಿ ಸುಟ್ಟ ರಾಶಿಗಳೆಂಬುದು ಸ್ಥಿರಪಟ್ಟಿತು. ಗೊಬ್ಬರಕ್ಕೆಂದು ಗಾಡಿಯಲ್ಲಿ ತುಂಬಿಹೋದ ದಿಬ್ಬಗಳಲ್ಲಿ ಇಂಥ ಗುರುತು ಎಷ್ಟು ಇದ್ದವೋ ಯಾರು ಬಲ್ಲರು!

ಸಂರಕ್ಷಕರು ಮೂರು ನಿಯಮಗಳನ್ನು ಪಾಲಿಸುತ್ತಾರೆ. ಮಾಡುವುದು ಆದಷ್ಟು ಕಡಮೆ ಇರಬೇಕು. ಮಾಡಿದ್ದನ್ನು ಮುಂದೆ ಬಿಡಿಸಲು ಬರುವಂತಿರಬೇಕು. ಮಡಕೆಯ ಚೂರುಗಳನ್ನು ಜೋಡಿಸಿದ ಅಂಟು ನಾಳೆ ಕರಗುವಂಥದಾಗಿರಬೇಕು. ಮಾಡಿದ್ದೆಲ್ಲವನ್ನೂ ಬರೆದಿಡಬೇಕು. ಮೂಲಪಾಠದ ಮೇಲೆ ತನ್ನ ಅಕ್ಷರವನ್ನು ತಿದ್ದಿ ಬರೆಯದೆ, ಅಡಿಯಲ್ಲಿ ಪಾಠಾಂತರವೆಂದು ಸೂಚಿಸುವ ಸಂಪಾದಕನ ಶೀಲವೇ ಇಲ್ಲಿಯೂ ಕಾಣುವುದು.

ಒಂದು ಆಕ್ಷೇಪಕ್ಕೆ ಸಮಾಧಾನ

ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದ ಶರಣರ ಪರಂಪರೆಯವರಿಗೆ ಕಲ್ಲು, ಮಡಕೆಗಳನ್ನು ಕಾಯುವ ಚಿಂತೆ ಏತಕ್ಕೆಂದು ಕೆಲವು ಭಕ್ತರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಶರಣರು ನಿರಾಕರಿಸಿದ್ದು ಅರಿವಿಲ್ಲದ ಸ್ಥಾವರದ ಮೋಹವನ್ನು. ಅರಿವಿಗೆ ಆಸರೆಯಾದ ಕುರುಹನ್ನಲ್ಲ. ಅವರ ವಾಣಿ ನಮ್ಮವರೆಗೆ ನಡೆದುಬಂದ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಮಗೆ ದೊರೆತಿರುವ ವಚನಗಳ ಓಲೆಪ್ರತಿಗಳು ಶರಣರ ಕಾಲದವಲ್ಲ, ಅನಂತರದವರು ಪ್ರತಿ ಮಾಡಿದವು. ವಿಜಯನಗರದ ಕಾಲದಲ್ಲಿ ವಚನಗಳ ಸಂಕಲನ ಕಾರ್ಯ ವಿಸ್ತಾರವಾಗಿ ನಡೆಯಿತು. ಶಿವಗಣಪ್ರಸಾದಿ ಮಹದೇವಯ್ಯನವರ ಶೂನ್ಯಸಂಪಾದನೆ 15ನೆಯ ಶತಮಾನದ್ದು. ಅಂಥ ಕಟ್ಟುಗಳನ್ನು ಮಠಗಳೂ ಮನೆತನಗಳೂ ಅರಿವೆಯಲ್ಲಿ ಸುತ್ತಿ ಪೂಜೆಯ ಕೋಣೆಯಲ್ಲಿಟ್ಟು ಕಾಯ್ದುದರಿಂದ ಡಾ॥ ಫ. ಗು. ಹಳಕಟ್ಟಿಯವರು ಅವನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತರಲು ಶಕ್ತರಾದರು. ಓಲೆ ಸ್ಥಾವರ, ವಚನ ಜಂಗಮ. ಸ್ಥಾವರವಾದ ಓಲೆ ಸುಟ್ಟಿದ್ದರೆ ಜಂಗಮವಾದ ವಚನ ನಮ್ಮವರೆಗೆ ಬರುತ್ತಿರಲಿಲ್ಲ.

ಕಲ್ಲಿನ ವಿಷಯದಲ್ಲಿಯೂ ಹಾಗೆಯೇ. ಬಸವಣ್ಣನವರ ಐತಿಹಾಸಿಕತೆಯನ್ನು ಚರ್ಚಿಸುವವರು ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನವನ್ನು ಆಧರಿಸುತ್ತಾರೆ. ಪುರಾಣಕಥೆಯೆಂದು ತಳ್ಳಲು ಹೊರಟವರಿಗೆ ಎದುರಾಗಿ ನಿಲ್ಲುವುದು ಆ ಕಲ್ಲು. ಅದನ್ನು ಯಾರಾದರೂ ಮೆಟ್ಟಿಲಿಗೋ ಬಚ್ಚಲಿಗೋ ಹಾಸಿದ್ದರೆ ನಮ್ಮ ವಾದದ ಒಂದು ಬಲವಾದ ಆಧಾರವೇ ಕುಸಿಯುತ್ತಿತ್ತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಕಟ್ಟಿನಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದನ್ನು ಇಲ್ಲಿಯೇ ನೆನೆಯಬಹುದು. ಅಶೋಕನ ಬಂಡೆ ಮೊಳಕಾಲ್ಮೂರಿನಲ್ಲಿ, ಅರ್ಥಶಾಸ್ತ್ರದ ಓಲೆ ಮೈಸೂರಿನಲ್ಲಿ! ಕಾದಿಟ್ಟವರ ಹೆಸರು ನಮಗೆ ಗೊತ್ತಿಲ್ಲ. ಅವರು ಕಾದಿಟ್ಟುದು ಲೋಕಕ್ಕೆಲ್ಲ ಗೊತ್ತು.

ಇಂದಿನ ಅಪಾಯಗಳು

ಪ್ರಾಚ್ಯವಸ್ತುಗಳಿಗೆ ಒದಗಿರುವ ಅಪಾಯಗಳಲ್ಲಿ ಮೊದಲನೆಯದು ನಿಧಿಯ ಆಸೆ. ನಂದಿಯ ಅಡಿ, ಲಿಂಗದ ಪೀಠ, ವೀರಗಲ್ಲಿನ ಬುಡ, ಶಿಲಾಗೋರಿಯ ಕೋಣೆ ಇವುಗಳಲ್ಲಿ ಬಂಗಾರವಿದೆಯೆಂಬ ಭ್ರಮೆಯಿಂದ ರಾತ್ರಿಯಲ್ಲಿ ಅಗೆಯುವವರು ನಮ್ಮ ನಾಡಿನ ಹಲವು ಕಡೆ ಇದ್ದಾರೆ. ವಿದ್ವಾಂಸರು ತೆರೆದ ಬ್ರಹ್ಮಗಿರಿಯ ಗೋರಿಗಳಲ್ಲಿ ಸಿಕ್ಕಿದ್ದು ಮೂಳೆ, ಮಡಕೆ, ಕಬ್ಬಿಣ, ಕೊಪ್ಪರಿಗೆಯ ಹೊನ್ನಲ್ಲ. ಕಳ್ಳನಿಗೆ ಏನೂ ಸಿಗುವುದಿಲ್ಲ, ಸಂಶೋಧಕನಿಗೆ ಏನೂ ಉಳಿಯುವುದಿಲ್ಲ. ಕೆದಕಿದ ಗೋರಿಯ ಮೂಳೆಯನ್ನು ಮತ್ತೆ ಒಳಗಿಟ್ಟರೂ ಅದರ ಗುರುತು ಮರಳದು.

ಎರಡನೆಯದು ಕಲ್ಲುಗಣಿ ಮತ್ತು ಹೊಲ ಸಮಮಾಡುವ ಯಂತ್ರ. ಗಣಿಗಾರಿಕೆಯಿಂದ ಸಂಗನಕಲ್ಲಿನ ಗುಡ್ಡಗಳಿಗೆ ಒದಗಿದ ಹಾನಿಯನ್ನು ವಿದ್ವಾಂಸರು ಮತ್ತೆಮತ್ತೆ ಎತ್ತಿ ಹೇಳಿದ್ದಾರೆ. ಮೂರನೆಯದು, ಹೇಳಲು ಸಂಕೋಚವಾದರೂ ಹೇಳಲೇಬೇಕಾದದ್ದು, ಭಕ್ತಿಯ ಹೆಸರಿನ ಜೀರ್ಣೋದ್ಧಾರ. ಶಾಸನದ ಮೇಲೆ ಸುಣ್ಣ, ಬಣ್ಣ ಬಳಿಯುವುದು, ಎಣ್ಣೆ ಸುರಿಯುವುದು, ಕಂಬಗಳನ್ನು ಯಂತ್ರದಿಂದ ಉಜ್ಜಿ ನುಣುಪು ಮಾಡುವುದು, ಹಳೆಯ ಕಲ್ಲುಗಳನ್ನು ಹೊರಗೆಸೆದು ಸಿಮೆಂಟಿನಿಂದ ಕಟ್ಟುವುದು, ಭಿನ್ನವಾದ ಮೂರ್ತಿಯನ್ನು ಬಾವಿಗೆ ಹಾಕುವುದು ಇವೆಲ್ಲ ಸದುದ್ದೇಶದಿಂದಲೇ ನಡೆಯುತ್ತವೆ. ಕಳ್ಳನಿಂದಾದ ಹಾನಿಗೆ ದೂರು ಕೊಡಬಹುದು. ಭಕ್ತನಿಂದಾದ ಹಾನಿಗೆ ಯಾರಲ್ಲಿ ದೂರೋಣ?

ಕಾನೂನಿನ ಬೆಂಬಲ ಇಲ್ಲದೆ ಇಲ್ಲ. ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಇವೆ. 1972ರ ಪ್ರಾಚ್ಯವಸ್ತು ಕಾಯಿದೆ ನೂರು ವರ್ಷಕ್ಕೆ ಮೇಲ್ಪಟ್ಟ ವಿಗ್ರಹಾದಿಗಳನ್ನೂ ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ, ಮಹತ್ವವುಳ್ಳ ಹಸ್ತಪ್ರತಿಗಳನ್ನೂ ರಕ್ಷಣೆಗೆ ಒಳಪಡಿಸಿದೆ. ಆದರೆ ಪ್ರತಿಯೊಂದು ವೀರಗಲ್ಲಿಗೂ ಒಬ್ಬ ಕಾವಲುಗಾರನನ್ನು ಸರ್ಕಾರ ನೇಮಿಸಲಾರದು. ಊರಿನವರ ಅರಿವೇ ನಿಜವಾದ ಕಾವಲು.

ಮಠಗಳ, ಭಕ್ತರ ಕರ್ತವ್ಯ

ನಮ್ಮ ಮಠಗಳಿಗೆ ಜನರ ವಿಶ್ವಾಸವಿದೆ, ಊರೂರಿನ ಸಂಪರ್ಕವಿದೆ. ಸ್ವಾಮಿಗಳು ಆಡಿದ ಒಂದು ಮಾತು ಇಲಾಖೆಯ ಹತ್ತು ಫಲಕಗಳಿಗಿಂತ ಹೆಚ್ಚಾಗಿ ನಾಟುತ್ತದೆ. ಜೀರ್ಣೋದ್ಧಾರಕ್ಕೆ ಮೊದಲು ಬಲ್ಲವರಿಂದ ಗುಡಿಯ ಶಾಸನಗಳ ಪಡಿಯಚ್ಚನ್ನೂ ಛಾಯಾಚಿತ್ರವನ್ನೂ ತೆಗೆಸಬೇಕೆಂದು ಅಪ್ಪಣೆ ಕೊಡಿಸಬಹುದು. ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಯಂತ್ರಗಳು ಈಗ ಬಂದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ನಗರದ ಸುತ್ತಲಿನ ಶಾಸನಗಳನ್ನು ಹೀಗೆ ದಾಖಲಿಸುವ ಕಾರ್ಯ ಕೈಗೊಂಡಿದೆ. ಹೊಲದಲ್ಲಿ ವಸ್ತುವೇನಾದರೂ ದೊರೆತರೆ ಅದನ್ನು ಕೀಳದೆ, ತೊಳೆಯದೆ, ದೊರೆತ ಜಾಗ, ಆಳ, ಜತೆಗಿದ್ದ ವಸ್ತು ಇವನ್ನು ಬರೆದುಕೊಂಡು ಪುರಾತತ್ತ್ವ ಇಲಾಖೆಗೋ ಹತ್ತಿರದ ವಸ್ತುಸಂಗ್ರಹಾಲಯಕ್ಕೋ ತಿಳಿಸಬೇಕು. ಅಕ್ಷರ ಕಾಣಿಸಲೆಂದು ಶಾಸನವನ್ನು ಮೊಳೆಯಿಂದ ಗೀಚಬಾರದು. ಭಿನ್ನಮೂರ್ತಿಯನ್ನು ನೀರಿಗೆ ಹಾಕುವ ಬದಲು ಸಂಗ್ರಹಾಲಯಕ್ಕೆ ಒಪ್ಪಿಸಿದರೆ ದೋಷವೇನೂ ಇಲ್ಲ. ಓಲೆಕಟ್ಟುಗಳಿರುವ ಮನೆಯವರು ಅವನ್ನು ತೇವ, ಗೆದ್ದಲುಗಳಿಂದ ದೂರವಿಟ್ಟು, ಬಿಡಿಗರಿಗಳನ್ನು ಬೇರೆ ಕಟ್ಟಿಗೆ ಸೇರಿಸದೆ, ಬಲ್ಲವರಿಂದ ಪಟ್ಟಿ ಮಾಡಿಸಬೇಕು. ಪ್ರತಿಕಾರನ ಹೆಸರು, ಊರು, ಸಂವತ್ಸರಗಳಿರುವ ಕೊನೆಯ ಗರಿ ಅನೇಕ ವೇಳೆ ಗ್ರಂಥದಷ್ಟೇ ಬೆಲೆಯುಳ್ಳದ್ದು. ಬ್ರಹ್ಮಗಿರಿಯ ಚಪಡನನ್ನು ನಾವು ಬಲ್ಲೆವಾದರೆ ಅದು ಕೊನೆಯ ಸಾಲಿನಿಂದಲೇ ಅಲ್ಲವೇ?

ಕಾಯಕವೆಂದರೆ ಗಳಿಸುವುದಷ್ಟೇ ಅಲ್ಲ, ಗಳಿಸಿದ್ದನ್ನು ಸಮಾಜಕ್ಕೆ ಸಲ್ಲಿಸುವುದೂ ಹೌದು. ದಾಸೋಹದ ತಿರುಳು ಅದೇ. ಹಿಂದಿನವರಿಂದ ಬಂದ ಕುರುಹುಗಳು ನಮ್ಮ ಸ್ವಂತ ಗಳಿಕೆಯಲ್ಲ. ಮುಂದಿನವರಿಗೆ ಮುಟ್ಟಿಸಲು ನಮ್ಮ ಕೈಯಲ್ಲಿಟ್ಟ ನಿಕ್ಷೇಪ. ಅವನ್ನು ಕೆಡದಂತೆ, ಗುರುತು ತಪ್ಪದಂತೆ ಮುಟ್ಟಿಸುವುದು ಜ್ಞಾನದಾಸೋಹವೇ ಸರಿ. ತಾನು ಸಾರಿದ ಧರ್ಮಪ್ರಯತ್ನ ಚಿರಕಾಲ ನಿಲ್ಲಲೆಂದು ಹಾರೈಸಿದ ಅರಸನ ಮಾತು ಮೊಳಕಾಲ್ಮೂರಿನ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ನಿಂತಿದೆ. ಅರಿಯದೆಯೇ ಅದನ್ನು ಕಾಯ್ದವರು ಈ ಸೀಮೆಯ ಹಳ್ಳಿಗರು; ಅರಿತು ಕಾಯುವ ಭಾಗ್ಯ ನಮ್ಮದಾಗಲಿ.